ಎಡಿನ್‌ಬರೋ ಹಾರ್ಪ್ ಉತ್ಸವದಲ್ಲಿ ಕಲಾವಿದರ ಒಂದು ದಿನ ಹೇಗಿರುತ್ತದೆ?

ಸ್ಕಾಟ್‌ಲೆಂಡಿನ ಹಾರ್ಪ್ ಉತ್ಸವಗಳಲ್ಲಿ ಒಬ್ಬರೇ ಬೆಳಿಗ್ಗೆ ಪಾಠ ಮಾಡಿ ಸಂಜೆ ಕಛೇರಿ ಕೊಡುತ್ತಾರಲ್ಲ, ಎರಡರಲ್ಲಿ ಯಾವುದು ಕಷ್ಟ, ಏನೂ ಬಾರದವರೂ ಹೋಗಬಹುದಾ ಅಂತ ಕೇಳಿದ್ದೀರಿ. ನಾನು ಎರಡನ್ನೂ ಮಾಡುವವಳು. ನನ್ನ ಮಟ್ಟಿಗೆ ಪಾಠವೇ ಕಷ್ಟ. ಕಛೇರಿಯಲ್ಲಿ ನನ್ನ ಬೆರಳು, ನನ್ನ ತಂತಿ ನೋಡಿಕೊಂಡರೆ ಆಯ್ತು. ಕ್ಲಾಸಿನಲ್ಲಿ ಎಲ್ಲರದ್ದೂ ನನ್ನ ತಲೆ ಮೇಲೆ.

ಎಡಿನ್‌ಬರೋದ ಅಂತರರಾಷ್ಟ್ರೀಯ ಹಾರ್ಪ್ ಉತ್ಸವ 1982ರಿಂದ ನಡೆಯುತ್ತಿದೆ. ನಡೆಸುವುದು ಕ್ಲಾರ್ಸಾಕ್ ಸೊಸೈಟಿ, ಅದು 1931ರಷ್ಟು ಹಳೆಯದು. ಕ್ಲಾರ್ಸಾಕ್ ಅಂದರೆ ಸ್ಕಾಟ್‌ಲೆಂಡಿನ ಚಿಕ್ಕ ಹಾರ್ಪ್. ಆರ್ಕೆಸ್ಟ್ರಾದಲ್ಲಿ ಕಾಣುವ, 47 ತಂತಿ 7 ಪೆಡಲ್ ಇರುವ ಆನೆಯಂಥ ವಾದ್ಯ ಅಲ್ಲ. ಇದಕ್ಕೆ ಸಾಮಾನ್ಯವಾಗಿ 34 ತಂತಿ, ಒಂದೊಂದು ತಂತಿಯ ಮೇಲೂ ಒಂದು ಲಿವರ್. ಲಿವರ್ ಎತ್ತಿದರೆ ಆ ತಂತಿಯ ಸ್ವರ ಅರ್ಧ ಮೆಟ್ಟಿಲು ಏರುತ್ತದೆ. ಸಿ ಸ್ವರದ ತಂತಿಗಳು ಕೆಂಪು, ಎಫ್ ಸ್ವರದವು ಕಪ್ಪು ಇಲ್ಲವೇ ನೀಲಿ, ಇಲ್ಲದಿದ್ದರೆ ಅಷ್ಟು ತಂತಿಗಳ ಮಧ್ಯೆ ದಾರಿ ತಪ್ಪುವುದೇ.

ಬೆಳಗಿನ ಮೊದಲ ಕೆಲಸ ಶ್ರುತಿ ಮಾಡುವುದು. ಹೊರಗೆ ಜಿಟಿಜಿಟಿ ಮಳೆ, ಒಳಗೆ ಹೀಟರ್, ಹಾಗಾಗಿ ಪ್ರಾಣಿಯ ಕರುಳಿನಿಂದ ಮಾಡಿದ ತಂತಿಯ ಶ್ರುತಿ ಒಂದು ಕಡೆ ನಿಲ್ಲುವುದಿಲ್ಲ. ವಾದ್ಯವನ್ನು ಕವರಿನಿಂದ ಬೇಗನೆ ಹೊರಗೆ ತೆಗೆದು ಕೋಣೆಯ ಹವೆಗೆ ಬಿಡಬೇಕು, ಆಮೇಲೆ ಶ್ರುತಿ ಮಾಡುವ ಕೀ ಹಿಡಿಯಬೇಕು. ಕ್ಲಾಸಿನಲ್ಲಿ ಹನ್ನೆರಡು ಜನ ಇದ್ದರೆ ಲೆಕ್ಕ ಹಾಕಿ, 408 ತಂತಿ! ಎಲ್ಲರೂ ಒಟ್ಟಿಗೆ ಶುರು ಮಾಡಿದರೆ ಸಂತೆ. ಮರಕ್ಕೆ ಕಚ್ಚಿಸುವ ಕ್ಲಿಪ್ ಟ್ಯೂನರ್ ಇಲ್ಲದಿದ್ದರೆ ಗತಿಯಿಲ್ಲ, ಅದು ಅಕ್ಕಪಕ್ಕದ ಗದ್ದಲಕ್ಕಿಂತ ತನ್ನ ಮರದ ನಡುಕವನ್ನು ಜಾಸ್ತಿ ಕೇಳುತ್ತದೆ.

ಪಾಠ ಹೆಚ್ಚಾಗಿ ಕಿವಿಯಿಂದಲೇ. ನಾನು ಒಂದು ಸಾಲು ನುಡಿಸುತ್ತೇನೆ, ಅವರು ಹಿಂದೆಯೇ ನುಡಿಸುತ್ತಾರೆ. ಚಿಕ್ಕಂದಿನಲ್ಲಿ ಮೈಸೂರಿನಲ್ಲಿ ವೀಣೆ ಪಾಠಕ್ಕೆ ಕೂತ ನನಗೆ ಇದರಲ್ಲಿ ಹೊಸದೇನಿಲ್ಲ. ಆದರೆ ಪಿಯಾನೋ ಕಲಿತು ಬಂದವರಿಗೆ ಕಾಗದ ಇಲ್ಲದೆ ಕೈಯೇ ಓಡುವುದಿಲ್ಲ. ಜರ್ಮನಿಯ ಒಬ್ಬ ಹಿರಿಯ ಮಹಿಳೆ ಐದೈದು ನಿಮಿಷಕ್ಕೊಮ್ಮೆ ನೊಟೇಶನ್ ಕೇಳುತ್ತಿದ್ದರು. ಕೊನೆಯಲ್ಲಿ ಕೊಡುತ್ತೇನೆ ಅಂತ ಹೇಳಿ ಬ್ಯಾಗಿನಲ್ಲೇ ಇಟ್ಟುಕೊಂಡೆ. ಅವರ ನಿಜವಾದ ತೊಂದರೆ ಕಾಗದದ್ದಲ್ಲ, ಕೈಯದು. ಪಿಯಾನೋ ಅಭ್ಯಾಸದಿಂದ ಕಿರುಬೆರಳೂ ತಂತಿ ಹುಡುಕುತ್ತಿತ್ತು. ಹಾರ್ಪಿನಲ್ಲಿ ಕಿರುಬೆರಳಿಗೆ ಕೆಲಸವಿಲ್ಲ. ಹೆಬ್ಬೆರಳು ಮೇಲೆ ನಿಲ್ಲಬೇಕು, ಮೀಟಿದ ಬೆರಳು ಅಂಗೈಯೊಳಗೆ ಮಡಚಬೇಕು. ಮಡಚದೆ ಹಾಗೇ ಗಾಳಿಯಲ್ಲಿ ಬಿಟ್ಟರೆ ಸದ್ದು ತೆಳ್ಳಗಾಗುತ್ತದೆ. ಅವರ ಮಣಿಕಟ್ಟನ್ನು ಸ್ವಲ್ಪ ಎತ್ತಿ ಹಿಡಿದು ಒಂದೇ ತಂತಿ ಮೀಟಿಸಿದೆ, ಮೀಟಿಸಿದೆ, ಮತ್ತೆ ಮೀಟಿಸಿದೆ, ಅಷ್ಟರಲ್ಲಿ ಉಳಿದವರು ಮುಂದಿನ ಸಾಲಿಗೆ ಕಾಯುತ್ತಿದ್ದಾರೆ. ಕ್ಲಾಸ್ ಅಂದರೆ ಇದೇ.

ಸ್ಟ್ರಾತ್‌ಸ್ಪೇ ಅನ್ನುವ ಸ್ಕಾಟಿಷ್ ಕುಣಿತದ ಮಟ್ಟು ಹೇಳಿಕೊಡುವಾಗ ಇನ್ನೊಂದು ಪೀಕಲಾಟ. ಅದರಲ್ಲಿ ಗಿಡ್ಡ ಸ್ವರ ಮೊದಲು, ಉದ್ದದ್ದು ಆಮೇಲೆ, ಪಟಕ್ಕನೆ ಜಿಗಿದ ಹಾಗೆ. ಬೇರೆ ದೇಶದವರು ಅದನ್ನು ನಯ ಮಾಡಿಬಿಡುತ್ತಾರೆ. ಆಗ ವಾದ್ಯ ಬಿಟ್ಟು ಕಾಲು ಕುಟ್ಟಿಸುತ್ತೇನೆ.

ಊರಿನವರು ಫೋನ್ ಮಾಡಿದಾಗೆಲ್ಲ ಇದರಲ್ಲಿ ಗಮಕ ಬರುತ್ತಾ ಅಂತ ಕೇಳುತ್ತಾರೆ. ವೀಣೆಯ ಹಾಗೆ ಎಳೆಯಲು ಬರುವುದಿಲ್ಲ. ತಂತಿ ಮೀಟಿದ ಕೂಡಲೇ ಲಿವರ್ ತಿರುಗಿಸಿದರೆ ಒಂದು ಸಣ್ಣ ಜಾರು ಸಿಗುತ್ತದೆ, ಅಷ್ಟೇ. ಆದರೆ ಮೋಹನದ ಐದು ಸ್ವರಗಳಲ್ಲೇ ಓಡಾಡುವ ಸ್ಕಾಟಿಷ್ ಮಟ್ಟುಗಳು ಬೇಕಾದಷ್ಟಿವೆ.

ಮಧ್ಯಾಹ್ನ ಒಂದು ಸ್ಯಾಂಡ್‌ವಿಚ್, ಆಮೇಲೆ ಸೌಂಡ್ ಚೆಕ್. ಅಲ್ಲಿಂದ ಸಂಜೆವರೆಗೆ ನಾನು ತಂತಿ ಮುಟ್ಟುವುದಿಲ್ಲ, ಬೆಳಿಗ್ಗೆಯಿಂದ ಮೀಟಿ ಬೆರಳ ತುದಿ ಉರಿಯುತ್ತಿರುತ್ತದೆ.

ಕಛೇರಿಯಲ್ಲಿ ಹಾರ್ಪ್ ನುಡಿಸುವವರು ಹಾಡುಗಳ ಮಧ್ಯೆ ಅಷ್ಟೊಂದು ಮಾತಾಡುವುದು ಯಾಕೆ ಗೊತ್ತಾ? ಎಷ್ಟೋ ಸಲ ಅದು ಸುಮ್ನೆ ಹರಟೆಯಲ್ಲ. ಬಾಯಿ ಕಥೆ ಹೇಳುತ್ತಿರುತ್ತದೆ, ಎಡಗೈ ಮುಂದಿನ ಮಟ್ಟಿಗೆ ಲಿವರ್ ಜೋಡಿಸುತ್ತಿರುತ್ತದೆ. ಇ-ಫ್ಲಾಟ್ (E♭) ಶ್ರುತಿಯಲ್ಲಿ ಕಟ್ಟಿದ ವಾದ್ಯದಲ್ಲಿ ಲಿವರುಗಳಿಂದಲೇ ಎಂಟು ಮೇಜರ್ ಸ್ಕೇಲ್ (ಶಂಕರಾಭರಣದಂಥ ಸ್ವರಸಾಲು) ಹೊರಡುತ್ತವೆ, ಆದರೆ ಒಂದು ಲಿವರ್ ಮರೆತರೂ ಸಭೆಯ ಮುಂದೆ ಅಪಸ್ವರ. ನಡುವೆ ತಂತಿ ಹರಿದರೆ ಕಥೆಯೇ ಬೇರೆ. ಹೊಸ ತಂತಿ ಹಾಕಬಹುದು, ಆದರೆ ಅದು ಹಿಗ್ಗುತ್ತಲೇ ಇರುತ್ತದೆ, ಆ ಸಂಜೆಗೆ ನಂಬುವ ಹಾಗಿಲ್ಲ. ಪಕ್ಕದ ಸ್ವರದಲ್ಲಿ ತೇಪೆ ಹಾಕಿ ಮುಗಿಸುವುದು ಉತ್ತಮ.

ಏನೂ ಬಾರದವರಿಗೆ: ಧಾರಾಳವಾಗಿ ಹೋಗಿ. ಮುಟ್ಟಿ ನೋಡಲು ಆರಂಭದ ಕ್ಲಾಸುಗಳಿರುತ್ತವೆ, ತಯಾರಕರು ವಾದ್ಯಗಳನ್ನು ಸಾಲಾಗಿ ಇಟ್ಟಿರುತ್ತಾರೆ, ನುಡಿಸಿ ನೋಡಬಹುದು. ಮೊದಲೇ ಕೊಳ್ಳಬೇಡಿ, ಬಾಡಿಗೆಗೆ ತೆಗೆದುಕೊಳ್ಳಿ. ಬಿಡುವಿದ್ದರೆ ಚೇಂಬರ್ಸ್ ಸ್ಟ್ರೀಟಿನ ನ್ಯಾಷನಲ್ ಮ್ಯೂಸಿಯಮ್ಮಿಗೂ ಹೋಗಿ, ಅಲ್ಲಿ ಕ್ವೀನ್ ಮೇರಿ ಹಾರ್ಪ್ ಅನ್ನುವ ಶತಮಾನಗಳಷ್ಟು ಹಳೆಯ ಕ್ಲಾರ್ಸಾಕ್ ಇದೆ. ಅದು ಲೋಹದ ತಂತಿಯ ಪದ್ಧತಿಗೆ ಸೇರಿದ್ದು. ಆ ಬಗೆಯ ಹಾರ್ಪ್ ಕಲಿಸುವವರೂ ಇದ್ದಾರೆ. ಅದನ್ನು ಹೆಚ್ಚಾಗಿ ಉಗುರಿನಿಂದ ಮೀಟುತ್ತಾರೆ, ಹಾಗಾಗಿ ಅಲ್ಲಿಗೆ ಹೋಗುವುದಾದರೆ ಉಗುರು ಬಿಟ್ಟುಕೊಂಡು ಹೋಗಿ. ನನ್ನ ಕ್ಲಾಸಿಗೆ ಬರುವುದಾದರೆ ಹಿಂದಿನ ರಾತ್ರಿಯೇ ಕತ್ತರಿಸಿಕೊಂಡು ಬನ್ನಿ.