ಓದುಗರ ಪ್ರಶ್ನೆ: ಕಡಲಹಕ್ಕಿಯ ಗೂಡಿನಲ್ಲಿ ಬಲೆಯ ಹಗ್ಗ

ಪ್ರಶ್ನೆ: ವೇಲ್ಸ್ ಕರಾವಳಿಯಾಚೆಯ ಗ್ರಾಸ್‌ಹೋಮ್ ದ್ವೀಪದಲ್ಲಿ ಗ್ಯಾನೆಟ್ ಹಕ್ಕಿಗಳ ಗೂಡುಗಳ ತುಂಬ ಮೀನುಗಾರಿಕೆಯ ಹಗ್ಗಗಳಿರುವ ಚಿತ್ರ ನೋಡಿದೆ. ಹಕ್ಕಿಗಳಿಲ್ಲದಾಗ ಹೋಗಿ ಎಲ್ಲವನ್ನೂ ಕಿತ್ತು ತರಬಾರದೇಕೆ?
– ಓದುಗರು, ಕುಂದಾಪುರ

ಉತ್ತರ: ಹಗ್ಗ ಕಿತ್ತರೆ ಗೂಡೇ ಕಿತ್ತುಬರುತ್ತದೆ. ಗ್ಯಾನೆಟ್‌ಗಳು ಪ್ರತಿವರ್ಷ ಹಳೆಯ ಗೂಡಿಗೇ ಮರಳಿ, ಅದರ ಮೇಲೆ ಕಡಲಕಳೆ, ಹುಲ್ಲು ಪೇರಿಸುತ್ತವೆ. ಮಣ್ಣು, ಹಿಕ್ಕೆ ಸೇರಿ ಅದು ಗಾರೆಯಂತೆ ಗಟ್ಟಿಯಾಗುತ್ತದೆ. ಕಳೆ ಕೊಳೆತುಹೋಗುತ್ತದೆ, ಪ್ಲಾಸ್ಟಿಕ್ ಹಗ್ಗ ಪದರ ಪದರವಾಗಿ ಒಳಗೇ ಉಳಿಯುತ್ತದೆ. 2011ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಅಲ್ಲಿ ಗೂಡೊಂದಕ್ಕೆ ಸರಾಸರಿ 470 ಗ್ರಾಂ, ಇಡೀ ದ್ವೀಪಕ್ಕೆ ಸುಮಾರು 18 ಟನ್ ಪ್ಲಾಸ್ಟಿಕ್ಕಿತ್ತು. ತೆಗೆದರೂ ಮುಂದಿನ ವಸಂತದಲ್ಲಿ ಹಕ್ಕಿಗಳು ಕಡಲಿನಿಂದ ಹೊಸ ಹಗ್ಗ ಹೆಕ್ಕಿ ತರುತ್ತವೆ.

ಮರಿ ಸುಮಾರು 90 ದಿನ ಗೂಡಲ್ಲೇ ಇರುತ್ತದೆ. ಅದು ತಿರುಗಾಡಿದಂತೆಲ್ಲ ಹಗ್ಗದ ಎಳೆ ಕಾಲಿಗೆ ಸುತ್ತಿಕೊಳ್ಳುತ್ತದೆ. ಕಾಲು ದಪ್ಪವಾಗುತ್ತದೆ, ಕುಣಿಕೆ ಸಡಿಲವಾಗುವುದಿಲ್ಲ. ಹಗ್ಗದ ಎಳೆಯು ಚರ್ಮ ಸೀಳಿ ಮೂಳೆಯವರೆಗೂ ಇಳಿಯಬಹುದು. ಉಳಿದವು ಹಾರಿಹೋದ ಮೇಲೂ ಸಿಕ್ಕಿಬಿದ್ದ ಮರಿ ಅಲ್ಲೇ ಉಳಿದು ಹಸಿವಿನಿಂದ ಸಾಯುತ್ತದೆ. ಅದೇ ಅಧ್ಯಯನ ಎಂಟು ವರ್ಷಗಳ ಎಣಿಕೆಯಲ್ಲಿ ಸಿಕ್ಕಿಬಿದ್ದ 525 ಹಕ್ಕಿಗಳನ್ನು ದಾಖಲಿಸಿತು, ಬಹುಪಾಲು ಮರಿಗಳೇ. ಒಟ್ಟು ಸಂಖ್ಯೆಗೆ ಇದರಿಂದ ದೊಡ್ಡ ಧಕ್ಕೆಯಿಲ್ಲ ಎಂದೂ ಅದು ಹೇಳಿತು. ಆದರೂ ಇಷ್ಟು ನರಳಾಟವನ್ನು ಸಣ್ಣದೆಂದು ತಳ್ಳಿಹಾಕಲಾಗದು. ದ್ವೀಪದ ಒಡೆತನವಿರುವ, ಬ್ರಿಟನ್ನಿನ ಹಕ್ಕಿ ಸಂರಕ್ಷಣಾ ಸಂಸ್ಥೆ ಆರ್‌ಎಸ್‌ಪಿಬಿಯ ತಂಡ ಶರತ್ಕಾಲದಲ್ಲಿ, ಹೆಚ್ಚಿನ ಮರಿಗಳು ಹಾರಿದ ಮೇಲೆ, ಹೋಗಿ ಸಿಕ್ಕಿಬಿದ್ದವನ್ನು ಬಿಡಿಸುತ್ತದೆ. ಮೊದಲೇ ಹೋದರೆ ಗಾಬರಿಗೆ ಎಳೆಮರಿಗಳು ಬಂಡೆಯಿಂದ ಉರುಳುತ್ತವೆ.

ಪ್ರಶ್ನೆ: ನಮ್ಮ ಕಡಲತೀರದಲ್ಲಿ ತಂಗೂಸಿ ಸುತ್ತಿಕೊಂಡ ಹಕ್ಕಿ ಸಿಕ್ಕರೆ?

ಉತ್ತರ: ತಲೆಯ ಮೇಲೆ ತೆಳುಬಟ್ಟೆ ಹಾಕಿ, ರೆಕ್ಕೆಗಳನ್ನು ಮೈಗೊತ್ತಿ ಹಿಡಿಯಿರಿ. ಕನ್ನಡಕ ಧರಿಸಿ, ಇವು ಕಣ್ಣಿಗೇ ಕುಕ್ಕುತ್ತವೆ. ಕೊಕ್ಕನ್ನು ಟೇಪಿನಿಂದ ಕಟ್ಟಲೇಬೇಡಿ. ಮಳೆಗಾಲದಲ್ಲಿ ಗಾಳಿಗೆ ಸಿಕ್ಕಿ ನಮ್ಮ ತೀರಕ್ಕೆ ಬಂದು ಬೀಳುವ ಬೂಬಿ ಎಂಬ ಕಡಲಹಕ್ಕಿಗಳು ಗ್ಯಾನೆಟ್‌ನ ಕುಟುಂಬದವೇ. ಅವುಗಳಿಗೆ ಹೊರಗೆ ಮೂಗಿನ ಹೊಳ್ಳೆಯಿಲ್ಲ, ಬಾಯಿಂದಲೇ ಉಸಿರಾಡಬೇಕು. ದಾರ ಎಳೆಯಬೇಡಿ; ಮೊಂಡುತುದಿಯ ಕತ್ತರಿಯಿಂದ ನಾಲ್ಕೈದು ಕಡೆ ಕತ್ತರಿಸಿ, ಒಂದೊಂದೇ ತುಂಡು ಬಿಡಿಸಿ. ಚರ್ಮದಲ್ಲಿ ಗೀರುಬಿದ್ದಿದ್ದರೆ, ಗಾಳ ನುಂಗಿದ್ದರೆ ಹಾರಲು ಬಿಡಬೇಡಿ. ರಕ್ತಸಂಚಾರ ನಿಂತ ಭಾಗ ದಿನಗಳ ನಂತರ ಕೊಳೆಯಬಹುದು. ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ನೀರು ಕುಡಿಸದೆ, ಅರಣ್ಯ ಇಲಾಖೆಗೆ ತಿಳಿಸಿ ಪಶುವೈದ್ಯರಲ್ಲಿಗೆ ಒಯ್ಯಿರಿ.