1973ರ ಮೊದಲ ಡೋರೆಮಾನ್ ಕಾರ್ಟೂನ್ ಸರಣಿ ಈಗ ಎಲ್ಲೂ ನೋಡಲು ಸಿಗುವುದಿಲ್ಲವಲ್ಲ, ಯಾಕೆ?

ಅದನ್ನು ತಯಾರಿಸಿದ ಸ್ಟುಡಿಯೋ ಮುಚ್ಚಿಹೋಯಿತು, ಫಿಲ್ಮ್ ರೀಲುಗಳು ದಿಕ್ಕಿಲ್ಲದಂತಾದವು. ಅದೇ ಮುಖ್ಯ ಕಾರಣ.

ನಾವೆಲ್ಲ ಕಂಡ ಡೋರೆಮಾನ್ ಶುರುವಾದದ್ದು 1979ರಲ್ಲಿ, ಜಪಾನಿನ ಟಿವಿ ಅಸಾಹಿ ವಾಹಿನಿಯಲ್ಲಿ. ಅದಕ್ಕೂ ಮುಂಚೆ, 1973ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ, ನಿಪ್ಪಾನ್ ಟಿವಿ ಎಂಬ ಬೇರೆ ವಾಹಿನಿ 26 ವಾರ ಇನ್ನೊಂದು ಡೋರೆಮಾನ್ ಸರಣಿ ಪ್ರಸಾರ ಮಾಡಿತ್ತು. ಅದರಲ್ಲಿ ಡೋರೆಮಾನ್‌ಗೆ ಮೊದಲು ದನಿ ಕೊಟ್ಟದ್ದು ಕೋಸೇ ತೊಮಿತಾ ಎಂಬ ಗಂಡಸು! ನಡುವೆ ಅವರ ಜಾಗಕ್ಕೆ ನಟಿ ಮಸಾಕೊ ನೊಜಾವಾ ಬಂದರು.

ಆಗಿನ ಕಾರ್ಟೂನುಗಳನ್ನು ಚಿತ್ರೀಕರಿಸುತ್ತಿದ್ದುದು ಫಿಲ್ಮ್ ಮೇಲೆ. ಹಾಗಾಗಿ ಸ್ಟುಡಿಯೋ ಉಳಿದರೆ ಸಾಮಾನ್ಯವಾಗಿ ಫಿಲ್ಮೂ ಉಳಿಯುತ್ತದೆ. ಇಲ್ಲಿ ಸರಣಿ ಮುಗಿದ ವರ್ಷವೇ ಸ್ಟುಡಿಯೋಗೆ ಬೀಗ ಬಿತ್ತು. ಮನೆಯಲ್ಲಿ ಯಾರಾದರೂ ರೆಕಾರ್ಡ್ ಮಾಡಿಟ್ಟಿರಬೇಕಲ್ಲ ಅನ್ನಿಸಬಹುದು. ಆದರೆ ಮನೆಯಲ್ಲೇ ಟಿವಿ ರೆಕಾರ್ಡ್ ಮಾಡುವ ಟೇಪ್ ಯಂತ್ರಗಳಲ್ಲಿ ಬೀಟಾಮ್ಯಾಕ್ಸ್ ಬಂದದ್ದು 1975ರಲ್ಲಿ, ವಿಎಚ್‌ಎಸ್ 1976ರಲ್ಲಿ. ಮೊದಲ ಪ್ರಸಾರದ ಹೊತ್ತಿಗೆ ಸಾಮಾನ್ಯ ಮನೆಗಳಲ್ಲಿ ಅಂಥ ಯಂತ್ರವೇ ಇರಲಿಲ್ಲ. 1979ರ ಹೊಸ ಸರಣಿ ಬಂದಮೇಲೆ ಮರುಪ್ರಸಾರವೂ ನಿಂತಿತು. ಕ್ಯಾಸೆಟ್, ಡಿವಿಡಿ ಯಾವುದೂ ಬರಲಿಲ್ಲ.

ಸರಣಿಗೆ ಕೆಲಸ ಮಾಡಿದವರೊಬ್ಬರು ಜೋಪಾನ ಮಾಡಿದ ಕೆಲವು ಫಿಲ್ಮುಗಳಿಂದಾಗಿ ಒಂದಷ್ಟು ತುಣುಕುಗಳಾದರೂ ಉಳಿದಿವೆ.

ಇದಕ್ಕೇ ಮನೆಯಲ್ಲಿ ಟಿವಿಯಿಂದ ಮಾಡಿಕೊಂಡ ಹಳೆಯ ರೆಕಾರ್ಡಿಂಗ್‌ಗಳನ್ನು ಸಂಗ್ರಾಹಕರು ಎಸೆಯುವುದಿಲ್ಲ. ಡಿವಿಡಿ ಬಂದಿರುವ ಬೇರೆ ಸರಣಿಗಳಾದರೆ, ಅದರಲ್ಲಿ ಚಿತ್ರ ಚೊಕ್ಕಟವಾಗಿರುತ್ತದೆ, ನಿಜ. ಆದರೆ ಅಂದಿನ ಜಾಹೀರಾತು, ಪ್ರಾಯೋಜಕರ ಹೆಸರು ಹೇಳುವ ಪರದೆ ಸಿಗುವುದು ಆ ಮಸುಕು ಟೇಪಿನಲ್ಲೇ. ನನಗಂತೂ ಅವೇ ಹೆಚ್ಚು ರುಚಿ.