ಸಾಫ್ಟ್ ಟಾಪ್ ಥಾರ್‌ಗೆ ಮಳೆಗಾಲದಲ್ಲಿ ಯಾವ ಕವರ್ ಒಳ್ಳೆಯದು?

ಮಡಿಕೇರಿಯಲ್ಲಿ ಇದು ಮೊದಲ ಮಳೆಗಾಲ, ಸಾಫ್ಟ್ ಟಾಪ್ ಥಾರ್‌ಗೆ ಯಾವ ಕವರ್, ಸೀಟಿಗೆ ಯಾವ ಪಾಲಿಶ್ ಅಂತ ಕೇಳಿದ್ದೀರಿ. ಎರಡೂ ಬೇಡ. ನಾನು ನಾಪೋಕ್ಲು ಕಡೆಯವನು. ನನ್ನ ಗಾಡಿಯ ಹುಡ್, ಅಂದ್ರೆ ಮಡಚುವ ಆ ಸಾಫ್ಟ್ ಟಾಪ್, ಹಾಳಾಗಿದ್ದು ಮಳೆಯಿಂದಲ್ಲ, ಕವರಿನಿಂದ.

ಜೂನ್ ಕೊನೆಯಲ್ಲಿ ಜಡಿಮಳೆಗೆ ನೆನೆದ ಗಾಡಿಯನ್ನು ಶೆಡ್ಡಿಗೆ ತಂದು, ಒದ್ದೆ ಇರುವಾಗಲೇ ನೀಲಿ ಟಾರ್ಪಲ್ ಹೊದಿಸಿ ಹಗ್ಗ ಬಿಗಿದೆ. ಮೇಲೆ ಶೀಟ್ ಇದ್ದೇ ಇತ್ತು. ಎರಚಲು ಹೊಡೆಯುತ್ತೆ ಅಂತ ಸುಮ್ನೆ ಒಂದು ಸಮಾಧಾನಕ್ಕೆ ಕಟ್ಟಿದ್ದು. ಆಮೇಲೆ ಜುಲೈ-ಆಗಸ್ಟ್‌ನ ಕಕ್ಕಡ ತಿಂಗಳ ಮಳೆ ಹಿಡಿಯಿತು, ಗಾಡಿ ತೆಗೆಯಲೇ ಇಲ್ಲ. ಟಾರ್ಪಲ್ ಹೊರಗಿನ ನೀರನ್ನು ತಡೆಯಿತು, ಒಳಗಿನದನ್ನೂ ಹೊರಗೆ ಬಿಡಲಿಲ್ಲ. ಹುಡ್‌ನ ತೇವ, ಮ್ಯಾಟ್ ಕೆಳಗೆ ನಿಂತ ನೀರು, ಎಲ್ಲಾ ಹಗಲು ಸ್ವಲ್ಪ ಬೆಚ್ಚಗಾದರೆ ಆವಿಯಾಗಿ ಮೇಲೇಳುತ್ತೆ. ರಾತ್ರಿ ಟಾರ್ಪಲ್‌ನ ಒಳಮೈಗೆ ಹನಿ ಕಟ್ಟಿ ಮತ್ತೆ ಹುಡ್ ಮೇಲೇ ತೊಟ್ಟಿಕ್ಕುತ್ತೆ. ಕಡಂಬುಟ್ಟು ಬೇಯಿಸುವ ಪಾತ್ರೆಯ ಮುಚ್ಚಳದಲ್ಲಿ ಆಗೋದೂ ಇದೇ ಅಲ್ವಾ? ಹುಡ್ ಒಂದು ದಿನವೂ ಒಣಗಲಿಲ್ಲ.

ಸೆಪ್ಟೆಂಬರ್ ಶುರುವಿನ ಕೈಲ್ ಮುಹೂರ್ತ ಹಬ್ಬದ ಹೊತ್ತಿಗೆ ಬಿಚ್ಚಿದರೆ ಮುಗ್ಗಲು ವಾಸನೆ. ಹೊಲಿಗೆ ಉದ್ದಕ್ಕೂ ಹಸಿರು ಬೂಷ್ಟು, ಸ್ಟೇರಿಂಗ್ ಮೇಲೆ, ಸೀಟ್ ಬೆಲ್ಟ್ ಮೇಲೆ ಬಿಳಿ ಬೂಷ್ಟು. ಪಾಲಿಶ್ ಹಚ್ಚಿ ಮಿಂಚಿಸಿದ್ದ ಮುಂದಿನ ಸೀಟುಗಳಿಗೇ ಜಾಸ್ತಿ ಹಿಡಿದಿತ್ತು. ಜಿಡ್ಡಿಗೆ ಧೂಳು ಅಂಟುತ್ತೆ, ಧೂಳಿನ ಮೇಲೆ ಬೂಷ್ಟು ಬೆಳೆಯುತ್ತೆ. ಸೀಟು ಒರೆಸಿದರೆ ಹೋಯ್ತು, ಹುಡ್‌ನ ಕಲೆ ಹೋಗಲೇ ಇಲ್ಲ. ಕೊನೆಗೆ ಹೊಸದೇ ಹಾಕಿಸಿದೆ.

ಹಾಗಾಗಿ ನಿಮ್ಮ ಕವರಿನ ದುಡ್ಡಲ್ಲಿ ಶೆಡ್ಡಿಗೆ ಇನ್ನೆರಡು ಶೀಟ್ ಹಾಕಿಸಿ. ಅದರಡಿ ಗಾಡಿ ಹಾಗೇ ನಿಲ್ಲಲಿ, ಗಾಳಿ ಆಡಲಿ. ಸಿಲ್ವರ್ ಓಕ್ ಕೆಳಗೆ ಬೇಡ, ಎಲೆ ಉದುರಿ ಮಡಿಕೆಯಲ್ಲಿ ಕೊಳೆಯುತ್ತೆ. ಒದ್ದೆ ಹುಡ್ ಮಡಚಿಡಬೇಡಿ. ಚಳಿಯಲ್ಲಿ ಬೆಳ್ಳಂಬೆಳಿಗ್ಗೆಯೂ ಮಡಚಬೇಡಿ, ಪ್ಲಾಸ್ಟಿಕ್ ಕಿಟಕಿ ಸೆಟೆದುಕೊಂಡಿರುತ್ತೆ, ಸೀಳುತ್ತೆ. ಅದನ್ನು ಒಣಬಟ್ಟೆಯಲ್ಲಿ ಒರೆಸಿದರೆ ಗೀರು ಬೀಳುತ್ತೆ. ಮೊದಲು ನೀರು ಸುರಿದು ಮಣ್ಣು ಇಳಿಸಿ, ಆಮೇಲೆ ಮೆತ್ತಗಿನ ಬಟ್ಟೆ. ಮಳೆ ಇದ್ದರೂ ಆಗಾಗ ಎಸಿ ಹಾಕಿಕೊಂಡು ಒಂದು ಸುತ್ತು ಹೋಗಿ ಬನ್ನಿ, ಒಳಗಿನ ತೇವ ಎಳೆಯುತ್ತೆ. ಮ್ಯಾಟ್ ಮನೆಯೊಳಗೆ ಒಣಗಲಿ.

ಸೀಟಿಗೆ ಹಿಂಡಿದ ಒದ್ದೆ ಬಟ್ಟೆ, ಹಿಂದೆಯೇ ಒಣಬಟ್ಟೆ, ಅಷ್ಟೇ. ಬೂಷ್ಟು ಕಂಡರೆ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಒರೆಸಿ. ಬಿಳಿ ವಿನೆಗರ್, ಮತ್ತೆ! ನಮ್ಮ ಕೊಡಗಿನ ಕಪ್ಪು ವಿನೆಗರ್ ಕಾಚಂಪುಳಿ ಕಪ್ಪು ಕಲೆ ಮಾಡುತ್ತೆ, ಅದು ಪಂದಿ ಕರಿಗೇ ಇರಲಿ. ಬ್ಲೀಚಿಂಗ್ ಪೌಡರ್ ಹತ್ತಿರವೂ ತರಬೇಡಿ, ಬಣ್ಣ ಹೋಗುತ್ತೆ. ಹುಡ್ ತೊಳೆಯೋಕೆ ಕಾರ್ ಶಾಂಪೂ, ಮೆತ್ತಗಿನ ಬ್ರಷ್ ಸಾಕು. ವಾಟರ್ ವಾಶ್‌ಗೆ ಬಿಟ್ಟರೆ ಹುಡ್ ಮೇಲೆ ಪ್ರೆಷರ್ ಗನ್ ಹೊಡೀಬೇಡಿ ಅಂತ ಹುಡುಗರಿಗೆ ಮೊದಲೇ ಹೇಳಿ. ಹೊಲಿಗೆಯ ತೂತಿನಿಂದ ನೀರು ಒಳಗೆ ನುಗ್ಗುತ್ತೆ.